ಶಕಗಣನೆಯಲ್ಲಿ ಶೇಷವಿಚಾರ: ಚಾಮರಾಜನಗರ, ಗುಂಡ್ಲುಪೇಟೆಗಳ ಕಾಲನಿರ್ಣಯ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗಳ ಶಾಸನಗಳನ್ನು ರೈಸ್ ಮಹಾಶಯರು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಇಂತಹ ಲೇಖಗಳ ಶಕಾಂಕಕ್ಕೆ 78ನ್ನು ಕೂಡಿಸಿ ಕ್ರಿಸ್ತವರ್ಷವನ್ನು ಹೇಳುವುದು ರೂಢಿ. ಬಂದ ವರ್ಷವು ಬೇರೆ ಆಧಾರಗಳೊಡನೆ ಹೊಂದದಿದ್ದಲ್ಲಿ ದೋಷವನ್ನು ಲಿಪಿಕಾರನ ತಲೆಗೆ ಕಟ್ಟುವುದೂ ಅಷ್ಟೇ ರೂಢಿಯಾಗಿದೆ. ಈ ಎರಡನೆಯ ರೂಢಿಯು ಪರೀಕ್ಷಾರ್ಹವಾದುದು. ಅದಕ್ಕೆ ಸಂಖ್ಯಾಶಾಸ್ತ್ರದ ಸರಳರೇಖಾ ನಿಯಮವು ತಕ್ಕ ಒರೆಗಲ್ಲು.

ಆ ನಿಯಮದಲ್ಲಿ ಕಂಡ ಅಂಕವನ್ನು ಎರಡಾಗಿ ಒಡೆಯುತ್ತಾರೆ: ಸೂತ್ರದಿಂದ ಬಂದ ಭಾಗವೊಂದು, ಸೂತ್ರಕ್ಕೆ ಸಿಕ್ಕದೆ ಉಳಿದ ಶೇಷವೊಂದು. ಶಕವು ಒಂದು ಏರಿದರೆ ಕ್ರಿಸ್ತವರ್ಷವೂ ಒಂದು ಏರುವುದರಿಂದ ಇಲ್ಲಿ ಅರಿಯಬೇಕಾದುದು ಎರಡರ ಅಂತರವೊಂದೇ.

ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅಲ್ಲಿ ಜನಿಸಿದ ತಮ್ಮ ತಂದೆಯ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದರು. ಆ ತಂದೆಮಕ್ಕಳ ನಾಲ್ಕು ದಿನಗಳನ್ನು ಪರಿಶೀಲಿಸಬಹುದು. ತಂದೆಯ ಜನನ 1774ರ ಫೆಬ್ರವರಿ 28, ಗತಶಕ 1695, ವಿಜಯ. ಮಗನ ಜನನ 1794ರ ಜುಲೈ 14, ಶಕ 1716, ಆನಂದ. ತಂದೆಯ ಮರಣ 1796ರ ಏಪ್ರಿಲ್ 17, ಶಕ 1718, ನಳ. ಮಗನ ಪಟ್ಟಾಭಿಷೇಕ 1799ರ ಜೂನ್ 30, ಶಕ 1721, ಸಿದ್ಧಾರ್ಥಿ. ಅಂತರಗಳು ಕ್ರಮವಾಗಿ 79, 78, 78, 78.

ಲೆಜಾಂಡ್ರ್ ಎಂಬ ಫ್ರೆಂಚ್ ಗಣಿತಜ್ಞನು 1805ರಲ್ಲಿ ಪ್ರಕಟಿಸಿದ ರೀತಿಯಂತೆ ಶೇಷಗಳ ವರ್ಗಗಳ ಮೊತ್ತವು ಕನಿಷ್ಠವಾಗಬೇಕು. 78ನ್ನು ಹಿಡಿದರೆ ಆ ಮೊತ್ತ 1. ಸರಾಸರಿಯಾದ 78¼ನ್ನು ಹಿಡಿದರೆ ¾. ಸರಾಸರಿಯೇ ಉತ್ತಮವೆಂದಾಯಿತು, ಆದರೆ ಅಂತರವು ಕಾಲುಭಾಗವಾಗಿರುವ ವರ್ಷವನ್ನು ಯಾವ ಪಂಚಾಂಗವೂ ಅರಿಯದು! ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ ಒಂದನ್ನು ಹೆಚ್ಚಾಗಿ ಕೂಡಿಸಬೇಕೆಂಬ ಎರಡನೆಯ ಪದವನ್ನು ಸೂತ್ರಕ್ಕೆ ಸೇರಿಸಿದೊಡನೆ ಶೇಷಗಳೆಲ್ಲವೂ ಶೂನ್ಯವಾಗುತ್ತವೆ.

ಇಷ್ಟರಿಂದಲೇ ಹಿಗ್ಗಲಾಗದು. ನಾಲ್ಕರಲ್ಲಿ ಹೊಂದದಿದ್ದುದು ಒಂದೇ. ಅದೊಂದಕ್ಕಾಗಿಯೇ ಪದವೊಂದನ್ನು ಕಲ್ಪಿಸಿದರೆ ಶೇಷವು ಅಳಿಯಲೇಬೇಕು. ಆದಕಾರಣ ಶೂನ್ಯಶೇಷವು ಪ್ರಮಾಣವಲ್ಲ. ಶಕವರ್ಷವು ಚೈತ್ರದಲ್ಲಿ ತೊಡಗುವುದೆಂಬ ಸ್ವತಂತ್ರವಾದ ಕಾರಣವೇ ಇಲ್ಲಿ ಪ್ರಮಾಣ. ವರ್ತಮಾನಶಕವನ್ನು ಬರೆದ ಲೇಖದಲ್ಲಿ ಅಂತರವು ಒಂದು ಕಡಿಮೆಯಾಗುವುದೂ ಹೀಗೆಯೇ ಸಕಾರಣವಾದುದು. ಗತಶಕಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಉಳಿದುದು ಪ್ರಭವಾದಿಯಾಗಿ ಸಂವತ್ಸರದ ಸಂಖ್ಯೆ. ಗತವೋ ವರ್ತಮಾನವೋ ಎಂಬುದನ್ನು ಅದು ತಿಳಿಸುತ್ತದೆ. ಈ ಮೂರೂ ವಿಚಾರಗಳು ಮುಗಿಯುವವರೆಗೆ ಲಿಪಿಕಾರನನ್ನು ದೂಷಿಸುವುದು ಅನ್ಯಾಯವೇ ಸರಿ.

ಗುಂಡ್ಲುಪೇಟೆಯಲ್ಲಿ ಪರವಾಸುದೇವಾಲಯವನ್ನು ಕಟ್ಟಿಸಿದ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಅವರ ಹೆಸರುಳ್ಳ ಶಿಲೆಯೊಂದರಲ್ಲಿ ಶಕಾಂಕವು ಸವೆದು ಭಾವಸಂವತ್ಸರವೊಂದೇ ಉಳಿದಿದೆಯೆಂದು ಊಹಿಸಿದರೆ, ಆಳ್ವಿಕೆಯು 60 ವರ್ಷಗಳಿಗೆ ಕಡಿಮೆಯಾದುದರಿಂದ ಅದು ಶಕ 1616 ಅಲ್ಲದೆ ಬೇರೆಯಾಗಲಾರದು. ಮಾಸವು ಚೈತ್ರದಿಂದ ಕಾರ್ತಿಕದವರೆಗಿನದಾದರೆ 1694, ಮಾಘ ಫಾಲ್ಗುಣಗಳಾದರೆ 1695. ಮಾರ್ಗಶಿರ ಪುಷ್ಯಗಳಾದರೆ ತಿಥಿವಾರಗಳನ್ನು ಗಣಿಸದೆ ಹೇಳುವಂತಿಲ್ಲ.