ಹುಳಿಯಿಲ್ಲದ ಆಮ್ಲ: ಒಂದು ಪದದ ಇತಿಹಾಸ

ಆಮ್ಲವೆಂದರೆ ಹುಳಿ. ಈ ಅರ್ಥವನ್ನು ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪುನರ್ಪುಳಿ, ಹುಣಸೆ, ಬಿಂಬುಳಿಗಳ ನಾಡಿನಲ್ಲಿ ಬೆಳೆದವರಿಗೆ ನಾಲಗೆಯೇ ಗುರು. ಯುರೋಪಿನ ಭಾಷೆಗಳು ಬಳಸುವ ಲ್ಯಾಟಿನ್ ಮೂಲದ ಪದಕ್ಕೂ ಹುಳಿ ಎಂದೇ ಅರ್ಥ. ಆದರೆ ರಸಾಯನಶಾಸ್ತ್ರದಲ್ಲಿ ಈ ಪದವು ನಾಲಗೆಯನ್ನು ಬಿಟ್ಟು ಬಹುದೂರ ಸಾಗಿದೆ. ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಸೂತ್ರಗಳಿಗಿಂತಲೂ ಆ ಪ್ರಯಾಣವೇ ಹೆಚ್ಚು ಆಸಕ್ತಿಯ ವಿಷಯ. ಲೂಯಿಸರ ಆಮ್ಲವೆಂಬ ಪಾಠ ಬರುವ ಹೊತ್ತಿಗೆ ನಮ್ಮ ಮಕ್ಕಳು ಕನ್ನಡ ಮಾಧ್ಯಮವನ್ನು ದಾಟಿ ಇಂಗ್ಲಿಷಿನಲ್ಲಿ ಓದತೊಡಗಿರುತ್ತಾರೆ. ಆದುದರಿಂದ ಆ ಕಥೆಯನ್ನು ಕನ್ನಡದಲ್ಲಿ ಒಮ್ಮೆಯಾದರೂ ಹೇಳಿಬಿಡಬೇಕೆಂಬುದು ಈ ಲೇಖನದ ಉದ್ದೇಶ.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಲವೋಸಿಯೇ ಗಂಧಕವನ್ನೂ ರಂಜಕವನ್ನೂ ಉರಿಸಿ ನೋಡಿದನು. ಉರಿದು ಬಂದ ವಸ್ತುವನ್ನು ನೀರಿನಲ್ಲಿ ಕರಗಿಸಿದರೆ ಆಮ್ಲ ದೊರೆಯುತ್ತಿತ್ತು. ಉರಿಯುವಾಗ ಗಾಳಿಯಿಂದ ಸೇರಿಕೊಂಡ ಅನಿಲವೇ ಹುಳಿಗೆ ಕಾರಣವೆಂದು ಬಗೆದು, ಅದಕ್ಕೆ ಗ್ರೀಕ್ ಭಾಷೆಯಲ್ಲಿ 'ಆಮ್ಲವನ್ನು ಹುಟ್ಟಿಸುವುದು' ಎಂಬರ್ಥದ ಹೆಸರಿಟ್ಟನು. ಅದನ್ನೇ ನಮ್ಮವರು ಯಥಾವತ್ತಾಗಿ ಆಮ್ಲಜನಕವೆಂದು ಕರೆದರು. ತೆಲುಗಿನವರು ಆಮ್ಲಜನಿ ಎಂದರು. ಜರ್ಮನರ ಪದಕ್ಕೂ ಹುಳಿದ್ರವ್ಯವೆಂದೇ ಅರ್ಥ. ಆದರೆ 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು ಕ್ಲೋರಿನ್ ಒಂದು ಮೂಲವಸ್ತುವೆಂದು ವಾದಿಸಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಲವಲೇಶವೂ ಇಲ್ಲವೆಂದು ತೋರಿಸಿದನು. ಲವೋಸಿಯೇಯ ಊಹೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು.

ಅನಂತರ ಹಿರಿತನ ಜಲಜನಕದ ಪಾಲಾಯಿತು. ಸ್ವೀಡನ್ನಿನ ಅರೇನಿಯಸ್ ನೀರಿನಲ್ಲಿ ಜಲಜನಕದ ಅಯಾನುಗಳನ್ನು ಬಿಡುವುದು ಆಮ್ಲ, ಹೈಡ್ರಾಕ್ಸೈಡ್ ಅಯಾನುಗಳನ್ನು ಬಿಡುವುದು ಪ್ರತ್ಯಾಮ್ಲ ಎಂದನು. ನಮ್ಮ ಪ್ರೌಢಶಾಲೆಯ ಪಾಠ ಇಂದಿಗೂ ಬಹುಮಟ್ಟಿಗೆ ಇಲ್ಲಿಯೇ ನಿಲ್ಲುತ್ತದೆ. ಆದರೆ ಅಮೋನಿಯಾ ಅನಿಲದಲ್ಲಿ ಹೈಡ್ರಾಕ್ಸೈಡ್ ಎಲ್ಲಿದೆ? ನೀರಿನ ಹಂಗಿಲ್ಲದೆ ಹೈಡ್ರೋಜನ್ ಕ್ಲೋರೈಡ್ ಅನಿಲದೊಡನೆ ಕೂಡಿದರೂ ಅದು ಬಿಳಿಯ ಹೊಗೆಯೆಬ್ಬಿಸಿ ನವಸಾಗರವಾಗುತ್ತದೆ. 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಒಬ್ಬರನ್ನೊಬ್ಬರು ಅವಲಂಬಿಸದೆ ಒಂದೇ ಉತ್ತರಕ್ಕೆ ಬಂದರು: ಪ್ರೋಟಾನನ್ನು ಕೊಡುವುದು ಆಮ್ಲ, ಪಡೆಯುವುದು ಪ್ರತ್ಯಾಮ್ಲ.

ಅದೇ ವರ್ಷ ಅಮೆರಿಕದ ಬರ್ಕ್ಲಿಯಲ್ಲಿದ್ದ ಗಿಲ್ಬರ್ಟ್ ನ್ಯೂಟನ್ ಲೂಯಿಸ್ ತಮ್ಮ ಗ್ರಂಥವೊಂದರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಎರಡು ಪರಮಾಣುಗಳ ನಡುವಿನ ಬಂಧವೆಂದರೆ ಅವು ಹಂಚಿಕೊಂಡ ಇಲೆಕ್ಟ್ರಾನ್ ಜೋಡಿ ಎಂದು 1916ರಲ್ಲಿಯೇ ಹೇಳಿದ್ದವರು ಅವರು. ಆಮ್ಲದೊಳಗೆ ಯಾವ ಮೂಲವಸ್ತುವಿದೆ ಎಂದು ಹುಡುಕುವುದನ್ನು ಬಿಟ್ಟು, ಅದು ಏನು ಮಾಡುತ್ತದೆ ಎಂದು ಅವರು ಕೇಳಿದರು. ತನ್ನಲ್ಲಿ ಬಿಡುವಾಗಿರುವ ಇಲೆಕ್ಟ್ರಾನ್ ಜೋಡಿಯನ್ನು ಮುಂದೊಡ್ಡುವುದು ಪ್ರತ್ಯಾಮ್ಲ, ಕೊರತೆಯಿಂದ ಅದನ್ನು ಸ್ವೀಕರಿಸುವುದು ಆಮ್ಲ. ಬೋರಾನ್ ಟ್ರೈಫ್ಲೋರೈಡಿನಲ್ಲಿ ಜಲಜನಕವೂ ಇಲ್ಲ, ಆಮ್ಲಜನಕವೂ ಇಲ್ಲ. ಆದರೂ ಅಮೋನಿಯಾ ಸಿಕ್ಕಿದೊಡನೆ ಅದು ಕೂಡಿ ಘನವಸ್ತುವಾಗುತ್ತದೆ. ಸಾರಜನಕ ಕೊಡುತ್ತದೆ, ಬೋರಾನ್ ಪಡೆಯುತ್ತದೆ. ಕೊಡುವವನನ್ನು 'ಪ್ರತಿ' ಎಂಬ ವಿರೋಧದ ಉಪಸರ್ಗದಿಂದ ಗುರುತಿಸುವ ನಮ್ಮ ಪ್ರತ್ಯಾಮ್ಲವೆಂಬ ಪದ ಇಲ್ಲಿ ತುಸು ಅನ್ಯಾಯದ್ದೇ ಸರಿ.

ಈ ಮಾತು ಹದಿನೈದು ವರ್ಷ ಹೆಚ್ಚಾಗಿ ಯಾರ ಕಿವಿಗೂ ಬೀಳಲಿಲ್ಲ. 1938ರಲ್ಲಿ ಲೂಯಿಸ್ ಪ್ರಯೋಗಗಳೊಡನೆ ಮತ್ತೆ ಬಂದರು. ನೀರಿಲ್ಲದ ದ್ರಾವಕದಲ್ಲಿ ಸೂಚಕದ ಬಣ್ಣವನ್ನು ಹೈಡ್ರೋಕ್ಲೋರಿಕ್ ಆಮ್ಲ ಹೇಗೆ ಬದಲಿಸುತ್ತದೆಯೋ ಬೋರಾನ್ ಟ್ರೈಕ್ಲೋರೈಡ್ ಕೂಡ ಹಾಗೆಯೇ ಬದಲಿಸಿತು. ಜಲಜನಕವಿದ್ದರೆ ಮಾತ್ರ ಆಮ್ಲವೆನ್ನುವುದು, ಆಮ್ಲಜನಕವಿದ್ದರೆ ಮಾತ್ರ ಉತ್ಕರ್ಷಣಕಾರಿ ಎಂದಷ್ಟೇ ಸಂಕುಚಿತವೆಂಬುದು ಅವರ ವಾದ. ಅಲ್ಯೂಮಿನಿಯಂ ಕ್ಲೋರೈಡನ್ನು ಬಳಸಿ ಫ್ರೀಡೆಲ್ ಮತ್ತು ಕ್ರಾಫ್ಟ್ಸ್ 1877ರಿಂದ ನಡೆಸಿದ ಕ್ರಿಯೆಗಳ ಗುಟ್ಟೂ ಇದರಿಂದ ಬಯಲಾಯಿತು. ಅನೇಕ ಬಾರಿ ನಾಮನಿರ್ದೇಶಿತರಾದರೂ ಲೂಯಿಸರಿಗೆ ನೊಬೆಲ್ ಬರಲಿಲ್ಲ. 1946ರಲ್ಲಿ ಅವರು ತಮ್ಮ ಪ್ರಯೋಗಾಲಯದಲ್ಲಿಯೇ ತೀರಿಕೊಂಡರು.

ಇಷ್ಟು ದೂರದ ಸಂಗತಿ ಕಾಸರಗೋಡಿನ ಮಕ್ಕಳಿಗೆ ಅಪರಿಚಿತವೆ? ಮಳೆಗಾಲಕ್ಕೆ ಮುನ್ನ ಮಹಾಳಿಯ ಭಯದಿಂದ ಅಡಿಕೆಗೆ ಮದ್ದು ಬಿಡುವಾಗ ಮನೆಮನೆಯಲ್ಲಿ ಕರಗುವ ಮೈಲುತುತ್ತು ಲೂಯಿಸರ ಆಮ್ಲಕ್ಕೆ ಒಳ್ಳೆಯ ನಿದರ್ಶನ. ಅದರ ನೀಲಿ ಹರಳನ್ನು ಪ್ರನಾಳದಲ್ಲಿ ಕಾಯಿಸಿದರೆ ನೀರು ಆವಿಯಾಗಿ ಬಿಳಿಯ ಪುಡಿ ಉಳಿಯುತ್ತದೆ. ಒಂದು ಹನಿ ನೀರು ಬಿದ್ದರೆ ನೀಲಿ ಮರಳುತ್ತದೆ. ಒಂಬತ್ತನೆಯ ತರಗತಿಯವರೂ ಕಂಡಿರುವ ಈ ಬಣ್ಣದಾಟದಲ್ಲಿ ತಾಮ್ರದ ಅಯಾನು ಜೋಡಿಗಳನ್ನು ಪಡೆಯುವ ಆಮ್ಲ. ಕೊಡುವುದು ನೀರಿನ ಅಣುವಿನಲ್ಲಿರುವ ಆಮ್ಲಜನಕ. ಅಮೋನಿಯಾ ಬೆರೆಸಿದರೆ ಸಾರಜನಕ ಆ ಸ್ಥಾನಕ್ಕೆ ಬಂದು ಬಣ್ಣ ಕಡುನೀಲಿಯಾಗುತ್ತದೆ. ಸುಣ್ಣದೊಡನೆ ಮೈಲುತುತ್ತನ್ನು ಬೆರೆಸಿದ ಬೋರ್ಡೋ ದ್ರಾವಣ 1885ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬಳಕೆಗೆ ಬಂತು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ 1910ರ ಆಸುಪಾಸಿನಲ್ಲಿ ಅದನ್ನು ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿದರು. ರೋಗಾಣುವಿನ ಪ್ರೋಟೀನುಗಳಲ್ಲಿರುವ ಗಂಧಕ, ಸಾರಜನಕಗಳ ಜೋಡಿಗಳಿಗೆ ತಾಮ್ರ ಅಂಟಿಕೊಂಡು ಅವುಗಳ ಕೆಲಸ ಕೆಡಿಸುವುದರಿಂದಲೇ ಆ ಮದ್ದಿಗೆ ಬಲ.

ಹುಳಿಯನ್ನು ಹುಟ್ಟಿಸುವುದೆಂದು ಹೆಸರಾದ ಆಮ್ಲಜನಕವೇ ನೀರಿನಲ್ಲಿ ಪ್ರತ್ಯಾಮ್ಲದ ಪಾತ್ರ ವಹಿಸುತ್ತಿದೆ! ಇತ್ತೀಚೆಗೆ 'ಆಕ್ಸಿಜನ್' ಎಂದೇ ಬರೆಯೋಣ, ಹಳೆಯ ಪದ ದಾರಿತಪ್ಪಿಸುತ್ತದೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಪದದೊಳಗೂ ಅದೇ ತಪ್ಪು ಅಡಗಿದೆ, ಗ್ರೀಕ್ ಬಲ್ಲವರಿಗೆ ಮಾತ್ರ ಅದು ಕಾಣುತ್ತದೆ. ಕನ್ನಡದ ಮಗುವಿಗೆ ಅದು ತಾನಾಗಿ ಕಾಣುತ್ತದೆ, ಕಂಡೊಡನೆ ಕೇಳುತ್ತದೆ: "ಟೀಚರ್, ನೀರಿನಲ್ಲಿ ಆಮ್ಲಜನಕವಿದೆಯಲ್ಲ, ನೀರೇಕೆ ಹುಳಿಯಿಲ್ಲ?" ಆ ಪ್ರಶ್ನೆಗೆ ಲವೋಸಿಯೇಯಿಂದ ಲೂಯಿಸರವರೆಗಿನ ಕಥೆಯನ್ನು ಹೇಳಲು ಒಂದು ತರಗತಿಯ ಅವಧಿ ಸಾಕು.