ಕಿಡಿಯ ಕಿರಿಕಿರಿ

1930ರ ಮೇ ತಿಂಗಳಲ್ಲಿ ಏಮಿ ಜಾನ್ಸನ್ ಸಿಂಗಾಪುರದ ಸೆಲೆಟಾರ್‌ನಲ್ಲಿ ಇಳಿದಾಗ ಆಕೆಯ ಜಿಪ್ಸಿ ಮಾತ್ ವಿಮಾನದಲ್ಲಿ ರೇಡಿಯೊ ಇರಲಿಲ್ಲ. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಬ್ಬಳೇ ಹೊರಟವಳಿಗೆ ದಾರಿಯುದ್ದಕ್ಕೂ ಜೊತೆಗಿದ್ದದ್ದು ಎಂಜಿನ್ನಿನ ಸದ್ದೊಂದೇ. 1911ರ ಮಾರ್ಚ್ 16ರಂದು ಫಾರರ್ ಪಾರ್ಕಿನ ಕುದುರೆ ಜೂಜಿನ ಮೈದಾನದಿಂದ ದ್ವೀಪದ ಮೊದಲ ಹಾರಾಟ ನಡೆಸಿದ ಜೋಸೆಫ್ ಕ್ರಿಶ್ಚಿಯನ್ಸ್‌ಗೂ ಅಷ್ಟೆ. ಹಾಗಾಗಿ ಎಂಜಿನ್ನಿನ ಕಿಡಿಯಿಂದ ಅವರಿಗೇನೂ ತೊಂದರೆಯಾಗಲಿಲ್ಲ.

ತೊಂದರೆ ಶುರುವಾದದ್ದು ರೇಡಿಯೊ ವಿಮಾನವನ್ನು ಹತ್ತಿದ ಮೇಲೆ. ತಮಾಷೆಯೆಂದರೆ ರೇಡಿಯೊ ಹುಟ್ಟಿದ್ದೇ ಕಿಡಿಯಿಂದ. ಹರ್ಟ್ಸ್, ಜಗದೀಶ್ಚಂದ್ರ ಬೋಸ್, ಮಾರ್ಕೋನಿ ಮೂವರೂ ಅಲೆಗಳನ್ನು ಎಬ್ಬಿಸಿದ್ದು ಕಿಡಿ ಹಾರಿಸಿಯೇ. ಎಂಜಿನ್ನಿನ ಮ್ಯಾಗ್ನೆಟೊ ಮಾಡುವುದೂ ಅದನ್ನೇ: ಸಾವಿರಾರು ವೋಲ್ಟ್ ಹುಟ್ಟಿಸಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್, ಸಿಲಿಂಡರಿಗೊಂದೇ ಪ್ಲಗ್ ಇದ್ದರೂ, ನಿಮಿಷಕ್ಕೆ 4000 ಕಿಡಿ ಹಾರಿಸುತ್ತದೆ. ಪ್ಲಗ್ಗಿನ ತಂತಿಯೇ ಆಂಟೆನಾ ಆಗಿ, ಆ ಕಿಡಿ ರೇಡಿಯೊ ಕೇಳುವವರ ಕಿವಿಗೆ ಪಟಪಟ ಸದ್ದಾಗಿ ಬಡಿಯುತ್ತದೆ. 1920ರ ದಶಕದಲ್ಲಿ ಅಮೆರಿಕದ ಟಪಾಲು ವಿಮಾನಗಳಿಗೆ ರೇಡಿಯೊ ದಾರಿ ತೋರಿಸುವ ಪ್ರಯೋಗಗಳಲ್ಲೇ ತಂತಿ, ಪ್ಲಗ್, ಮ್ಯಾಗ್ನೆಟೊಗಳಿಗೆ ಲೋಹದ ಹೊದಿಕೆ ಹಾಕುವ ಅಗತ್ಯ ಗೊತ್ತಾಗಿತ್ತು.

ಸಿಂಗಾಪುರದಲ್ಲಿ ವಿಮಾನ, ರೇಡಿಯೊ ಎಂಬ ಈ ಎರಡೂ ಲೋಕಗಳು ಹತ್ತಿರ ಬಂದದ್ದು 1937ರಲ್ಲಿ. ಮಾರ್ಚ್ 1ರಂದು ಕಾಲ್ಡೆಕಾಟ್ ಬೆಟ್ಟದಿಂದ ಬ್ರಿಟಿಷ್ ಮಲಯ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಪ್ರಸಾರ ಆರಂಭಿಸಿತು. ಜೂನ್ 12ರಂದು ಕಾಲಾಂಗ್ ವಿಮಾನ ನಿಲ್ದಾಣ ತೆರೆಯಿತು. ಎಂಟು ದಿನಗಳ ಬಳಿಕ ವಿಮಾನಚಾಲಕಿ ಅಮೇಲಿಯಾ ಇಯರ್‌ಹಾರ್ಟ್ ಅಲ್ಲಿ ಇಳಿದರು, ಮರುದಿನ ಬಾಂಡುಂಗ್‌ಗೆ ಹೊರಟರು. ಜುಲೈ 2ರಂದು ಅವರು ಪೆಸಿಫಿಕ್ ಮೇಲೆ ಕಾಣೆಯಾದಾಗ ಅವರ ಮಾತು ಅವರಿಗಾಗಿ ಕಾಯುತ್ತಿದ್ದ ಹಡಗಿಗೆ ಕೇಳುತ್ತಿತ್ತು, ಹಡಗಿನ ಮಾತು ಅವರಿಗೆ ತಲುಪಿದಂತಿರಲಿಲ್ಲ. ಅದಕ್ಕೆ ಎಂಜಿನ್ನಿನ ಕಿಡಿ ಕಾರಣವೆನ್ನಲಾಗದು. ಆದರೆ ಸಾಗರದ ಮೇಲೆ ಕಿವಿ ಮುಚ್ಚಿಹೋದರೆ ಏನಾಗುತ್ತದೆಂಬುದು ಜಗತ್ತಿಗೆ ಕಂಡಿತು.

ವಿಮಾನದ ರೇಡಿಯೊ ಮಾತುಕತೆ ಇಂದಿಗೂ ಹೆಚ್ಚಾಗಿ, ಅಲೆಯ ಎತ್ತರ ಬದಲಿಸಿ ಮಾತು ಸಾಗಿಸುವ ಎಎಂ ವಿಧಾನದಲ್ಲೇ ಇದೆ. ಇಬ್ಬರು ಒಟ್ಟಿಗೆ ಮಾತಾಡಿದರೂ ಆ ಗೊಂದಲ ಕೇಳಿಸಲಿ ಎಂಬುದು ಅದರ ಅನುಕೂಲ. ಕಿಡಿಯ ಸದ್ದೂ ಅಷ್ಟೇ ಸಲೀಸಾಗಿ ಒಳನುಗ್ಗುತ್ತದೆ ಎಂಬುದು ಕಷ್ಟ. ಎಂಜಿನ್ ಇರುವ ಗ್ಲೈಡರ್‌ಗಳಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಫೈಬರ್‌ಗ್ಲಾಸ್ ಮೈ ಲೋಹದಂತೆ ಅಲೆಗಳನ್ನು ತಡೆಯುವುದಿಲ್ಲ.

ಸದ್ದಿನ ಮೂಲ ಹುಡುಕಲು ಮೆಕ್ಯಾನಿಕ್ ಮೊದಲು ಎಂಜಿನ್ ನಿಲ್ಲಿಸಿ ಕೇಳುತ್ತಾನೆ, ಬಳಿಕ ಅದನ್ನು ಓಡಿಸುತ್ತ ಒಂದೊಂದೇ ಮ್ಯಾಗ್ನೆಟೊ ಆರಿಸಿ ಕೇಳುತ್ತಾನೆ. ಪಟಪಟವಾದರೆ ಕಿಡಿಯದು, ವೇಗದೊಂದಿಗೆ ಏರುವ ಕೀರಲು ದನಿಯಾದರೆ ಆಲ್ಟರ್ನೇಟರಿನದು. ರೆಸಿಸ್ಟರ್ ಪ್ಲಗ್, ಹೊದಿಕೆಯ ತಂತಿ, ಸರಿಯಾದ ಅರ್ಥಿಂಗ್, ದೂರ ಸರಿಸಿದ ಆಂಟೆನಾ: ಮದ್ದುಗಳು ಇವೇ.

1955ರಲ್ಲಿ ಸಿಂಗಾಪುರದ ವಿಮಾನಗಳು ಹೊಸ ನಿಲ್ದಾಣವಾದ ಪಾಯ ಲೇಬಾರ್‌ಗೆ ಸ್ಥಳಾಂತರಗೊಂಡವು. ಕಾಲಾಂಗಿನ ಹಳೆಯ ಟರ್ಮಿನಲ್ ಕಟ್ಟಡ ಮಾತ್ರ ಇನ್ನೂ ಅಲ್ಲೇ ನಿಂತಿದೆ.