ಗಂಟಲಿನ ಗ್ರಂಥಿಗೆ ಹಿಡಿದ ಕನ್ನಡಿ

1956 ಕೊಳ್ಳೇಗಾಲದ ಸೀಮೆಯವರಿಗೆ ಮರೆಯಲಾಗದ ವರ್ಷ. ಅಲ್ಲಿಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು, ಮಾದಪ್ಪನ ಬೆಟ್ಟವೂ ಸೇರಿ, ಆ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಅದೇ ವರ್ಷ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಭಾರತದ ಮೊದಲ ಪರಮಾಣು ರಿಯಾಕ್ಟರು ‘ಅಪ್ಸರಾ’ ಚಾಲನೆಗೊಂಡಿತು. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಸಂಗಡಿಗರೂ ಉಪ್ಪಿನಿಂದ ಗಳಗಂಡವನ್ನು ತಡೆಯಬಹುದೇ ಎಂಬ ಪ್ರಯೋಗಕ್ಕೆ ಕೈಹಾಕಿದರು. ಮೂರಕ್ಕೂ ಏನು ನಂಟು ಎನ್ನುವಿರಾ? ಬೆಟ್ಟದ ಹಳ್ಳಿಯೊಬ್ಬರ ಕುತ್ತಿಗೆಯಲ್ಲಿ ಗಂಟು ಕಾಣಿಸಿದಾಗ ಆ ನಂಟು ತಿಳಿಯುತ್ತದೆ.

ಧ್ವನಿಪೆಟ್ಟಿಗೆಯ ಕೆಳಗೆ ಚಿಟ್ಟೆಯಂತೆ ಕುಳಿತ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ನಿನ ಹಸಿವು ಹೆಚ್ಚು. ರಕ್ತದಿಂದ ಅದನ್ನು ಹೀರಿ ತನ್ನ ರಸವನ್ನು ತಯಾರಿಸುತ್ತದೆ. 1936ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ನರ ಉಪನ್ಯಾಸ ಕೇಳಿದ ವೈದ್ಯ ಸಾಲ್ ಹರ್ಟ್ಸ್ ಒಂದು ಪ್ರಶ್ನೆ ಹಾಕಿದರು: ಅಯೋಡಿನ್ನನ್ನು ವಿಕಿರಣಪಟುವಾಗಿ ಮಾಡಲು ಸಾಧ್ಯವೇ? ಸಾಧ್ಯವಾದರೆ ಗ್ರಂಥಿಯ ಹಸಿವನ್ನೇ ಅಳೆಯಬಹುದಲ್ಲ! ಮರುವರ್ಷವೇ ಮೊಲಗಳ ಮೇಲೆ ಪರೀಕ್ಷೆ ನಡೆಯಿತು. 1938ರಲ್ಲಿ ಲಿವಿಂಗುಡ್ ಮತ್ತು ಸೀಬೋರ್ಗ್ ಅಯೋಡಿನ್-131 ಕಂಡುಹಿಡಿದರು. ಅದರ ಅರ್ಧಾಯು ಎಂಟು ದಿನ. 1950ರ ಸುಮಾರಿಗೆ ಬೆನೆಡಿಕ್ಟ್ ಕ್ಯಾಸೆನ್ ಗಂಟಲಿನ ಮೇಲೆ ಸಾಲುಸಾಲಾಗಿ ಸರಿದು ಚಿತ್ರ ಬರೆಯುವ ಯಂತ್ರವನ್ನು ಕಟ್ಟಿದರು. 1958ರಲ್ಲಿ ಹಾಲ್ ಆಂಗರ್ ಗಾಮಾ ಕ್ಯಾಮೆರಾ ತಂದರು. ಮುಂಬಯಿಯ ಪರೇಲಿನಲ್ಲಿ 1963ರಲ್ಲಿ ವಿಕಿರಣ ವೈದ್ಯ ಕೇಂದ್ರ ಆರಂಭವಾಯಿತು. ಈಗ ಈ ಚಿತ್ರಕ್ಕೆ ಹೆಚ್ಚಾಗಿ ಬಳಸುವುದು ಆರು ಗಂಟೆ ಅರ್ಧಾಯುವಿನ ಟೆಕ್ನೀಷಿಯಂ-99ಎಂ.

ಎಕ್ಸ್‌ರೇ ಆಕಾರವನ್ನು ತೋರಿಸುತ್ತದೆ. ಈ ಚಿತ್ರ ಆಕಾರದೊಡನೆ ಕೆಲಸವನ್ನೂ ತೋರಿಸುತ್ತದೆ. ರಕ್ತದಲ್ಲಿ ಥೈರಾಯ್ಡ್ ರಸ ಹೆಚ್ಚಿದಾಗ ಕಾರಣ ತಿಳಿಯಲು ಇದು ಬೇಕು. ಇಡೀ ಗ್ರಂಥಿ ಬೆಳಗಿದರೆ ಗ್ರಂಥಿಯೆಲ್ಲ ಮಿತಿಮೀರಿ ದುಡಿಯುತ್ತಿದೆ. ಒಂದು ಗಂಟು ಮಾತ್ರ ಬೆಳಗಿದರೆ ಅದು ‘ಬಿಸಿ ಗಂಟು’. ಗ್ರಂಥಿಯೆಲ್ಲ ಮಂಕಾಗಿದ್ದರೆ ಉರಿಯೂತದಿಂದ ಕೂಡಿಟ್ಟ ರಸ ಸೋರುತ್ತಿರಬಹುದು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಬೆಳಗದ ‘ತಣ್ಣನೆಯ ಗಂಟು’ ಬಹುಪಾಲು ಕ್ಯಾನ್ಸರಲ್ಲ. ಆದರೂ ಅಲ್ಟ್ರಾಸೌಂಡ್ ನೋಡಿ, ಅಗತ್ಯವೆನಿಸಿದರೆ ಸೂಜಿಯಿಂದ ಕಣ ತೆಗೆದು ಪರೀಕ್ಷಿಸಬೇಕು. ಗರ್ಭಿಣಿಯರಿಗೆ ಈ ಚಿತ್ರ ತೆಗೆಯುವುದಿಲ್ಲ. ಹಾಲೂಡಿಸುವ ತಾಯಂದಿರು ಮೊದಲೇ ತಿಳಿಸಬೇಕು.

ಬೆಟ್ಟದಿಂದ ಮೈಸೂರಿಗೆ ಸುಮಾರು 150 ಕಿಲೋಮೀಟರು; ಬೆಂಗಳೂರು ಇನ್ನೂ ದೂರ. ಕೂಲಿ ಬಿಟ್ಟು, ಬಸ್ಸಿನ ದಾರಿ ಹಿಡಿದು ಹೋಗುವುದು ಬಡವರಿಗೆ ಸುಲಭವಲ್ಲ. ಆದ್ದರಿಂದ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ವೈದ್ಯರಿಗೆ ಕುತ್ತಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಿರಿ. ದೂರದ ಚಿತ್ರ ಎಲ್ಲರಿಗೂ ಬೇಕಾಗದು. ಬೇಕಾದವರು ಮಾತ್ರ ಅದನ್ನು ಮುಂದೂಡಬಾರದು.

ಕಾಂಗ್ರಾದ ಪ್ರಯೋಗ ಏನಾಯಿತು? ಅಯೋಡಿನ್ ಬೆರೆಸಿದ ಉಪ್ಪು ಹಂಚಿದ ಕಡೆ ಶಾಲಾಮಕ್ಕಳ ಗಳಗಂಡ ಇಳಿಮುಖವಾಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಯೋಜನೆ ಹುಟ್ಟಿತು. ಮಳೆ ಗುಡ್ಡದ ಮಣ್ಣಿನ ಅಯೋಡಿನ್ನನ್ನು ತೊಳೆದೊಯ್ಯುತ್ತದೆ. ಉಪ್ಪು ಅದನ್ನು ಮರಳಿ ತರುತ್ತದೆ. ಇದ್ದ ಗಂಟನ್ನೆಲ್ಲ ಉಪ್ಪು ಕರಗಿಸಲಾರದು. ಆದರೆ ಗರ್ಭದ ಕೂಸಿನ ಮಿದುಳು ಬೆಳೆಯಲು ಬೇಕಾದ ಅಯೋಡಿನ್ ಆ ಚಿಟಿಕೆಯಲ್ಲಿದೆ. ಯಂತ್ರ ನಗರದಲ್ಲಿರಲಿ, ಮುಚ್ಚಳ ಭದ್ರವಾಗಿರುವ ಉಪ್ಪಿನ ಡಬ್ಬಿ ಪ್ರತಿ ಮನೆಯಲ್ಲಿರಲಿ.